ಮೆಂಟರ್ ಎಂಬ ಪದವೂ ನಾನು ತಪ್ಪಾಗಿ ಹೇಳಿದ ಎರಡು ಕಥೆಗಳೂ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿ ಮಕ್ಕಳೊಡನೆ ಮನೆಗೆ ಬಂದಿದ್ದ. ಕಾಲಿಗೆ ನಮಸ್ಕರಿಸಿ ಎದ್ದವನು ತನ್ನ ಮಗಳಿಗೆ "ನೋಡಮ್ಮ, ಇವರೇ ನನ್ನ ಮೆಂಟರ್" ಎಂದು ಪರಿಚಯಿಸಿದ. ಆ ಹುಡುಗಿ ಒಡನೆಯೇ "ಹಾಗಂದರೇನು ತಾತ?" ಎಂದು ಕೇಳಿದಳು. ಗ್ರೀಕ್ ಪುರಾಣದಿಂದ ಇಂಗ್ಲಿಷಿಗೆ ಬಂದ ಪದ ಎಂದಷ್ಟೇ ಹೇಳಿ ಸುಮ್ಮನಾದೆ.

ಅವರು ಹೊರಟ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಇಂಗ್ಲಿಷ್ ಪಾಠ ಹೇಳಿದವನು ನಾನು. ಇಂತಹ ಪದಗಳ ಹಿಂದಿನ ಕಥೆಗಳನ್ನು ತರಗತಿಯಲ್ಲಿ ಬಹಳ ಉತ್ಸಾಹದಿಂದ ಹೇಳುತ್ತಿದ್ದೆನೆಂಬುದು ನಿಮಗೆ ನೆನಪಿರಬಹುದು. ಈಗ ಬಿಡುವಾಗಿ ಕುಳಿತು ಪುಸ್ತಕಗಳನ್ನು ತಿರುವಿ ಹಾಕಿದಾಗ, ಕನಿಷ್ಠ ಎರಡು ಕಥೆಗಳನ್ನು ನಿಮಗೆ ತಪ್ಪಾಗಿ ಹೇಳಿದ್ದೇನೆಂಬುದು ತಿಳಿದುಬಂತು. ಆ ಋಣವನ್ನು ಇಲ್ಲಿ ತೀರಿಸಬೇಕೆಂದಿದ್ದೇನೆ.

ಮೊದಲನೆಯದು ಅಟ್ಲಾಸ್. ಭೂಮಿಯನ್ನು ಹೊತ್ತ ದೈತ್ಯನ ಹೆಸರೇ ಭೂಪಟಗಳ ಪುಸ್ತಕಕ್ಕೆ ಬಂದಿದೆ ಎಂದು ಹೇಳಿ, ಅವನನ್ನು ನಮ್ಮ ಆದಿಶೇಷನಿಗೆ ಹೋಲಿಸುತ್ತಿದ್ದೆ. ಆದರೆ ಕ್ರಿ.ಪೂ. 700ರ ಸುಮಾರಿನ ಕವಿ ಹೆಸಿಯಡ್ ಹೇಳುವಂತೆ, ಜ್ಯೂಸನ ಆಜ್ಞೆಗೆ ಒಳಗಾಗಿ ಅಟ್ಲಾಸ್ ಹೊತ್ತು ನಿಂತದ್ದು ಭೂಮಿಯನ್ನಲ್ಲ, ಆಕಾಶವನ್ನು. ಭೂಪಟಗಳ ಸಂಗ್ರಹಕ್ಕೆ ಈ ಹೆಸರಿಟ್ಟವನು ಗೆರಾರ್ಡಸ್ ಮರ್ಕೇಟರ್. ಅವನು 1594ರಲ್ಲಿ ತೀರಿಕೊಂಡ. ಪುಸ್ತಕ ಹೊರಬಂದದ್ದು ಮರುವರ್ಷ, 1595ರಲ್ಲಿ. ಅವನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡದ್ದು ಭಾರ ಹೊತ್ತ ದೈತ್ಯನನ್ನಲ್ಲ. ಖಗೋಳಶಾಸ್ತ್ರದಲ್ಲಿ ಪಂಡಿತನೆಂದೂ ಆಕಾಶದ ಗೋಳವನ್ನು ಮೊದಲು ರಚಿಸಿದವನೆಂದೂ ಐತಿಹ್ಯವಿದ್ದ ಮಾರಿಟೇನಿಯಾ ದೇಶದ ಅಟ್ಲಾಸ್ ಎಂಬ ಅರಸನನ್ನು. ಅಂದರೆ ಆ ಹೆಸರು ಶಿಕ್ಷೆಯನ್ನಲ್ಲ, ವಿದ್ಯೆಯನ್ನು ನೆನಪಿಸಲು ಇಟ್ಟದ್ದು.

ಎರಡನೆಯದು ಪಂಡೋರಳ ಪೆಟ್ಟಿಗೆ. ಪ್ರೊಮಿಥಿಯಸ್ ಬೆಂಕಿಯನ್ನು ಕದ್ದು ಮನುಷ್ಯರಿಗೆ ಕೊಟ್ಟದ್ದಕ್ಕಾಗಿ ಜ್ಯೂಸ್ ಪಂಡೋರಳನ್ನು ಸೃಷ್ಟಿಸಿ ಕಳುಹಿಸಿದ. ಅವಳು ಮುಚ್ಚಳ ತೆರೆದಾಗ ರೋಗರುಜಿನಗಳೆಲ್ಲ ಹೊರಗೆ ಹಾರಿದವು. ಇಷ್ಟನ್ನು ಸರಿಯಾಗಿಯೇ ಹೇಳಿದ್ದೆ. ಆದರೆ ಹೆಸಿಯಡ್‌ನಲ್ಲಿ ಪೆಟ್ಟಿಗೆಯೇ ಇಲ್ಲ! ಅವನು ಬಳಸಿದ ಪದ 'ಪಿಥೋಸ್'. ಅದು ಧಾನ್ಯ, ಎಣ್ಣೆ, ದ್ರಾಕ್ಷಾರಸ ತುಂಬಿಡುವ ಮಣ್ಣಿನ ದೊಡ್ಡ ಪಾತ್ರೆ. ನಮ್ಮ ಅಜ್ಜಿಯರ ಕಾಲದ ವಾಡೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 16ನೆಯ ಶತಮಾನದಲ್ಲಿ ವಿದ್ವಾಂಸ ಎರಾಸ್ಮಸ್ ಈ ಕಥೆಯನ್ನು ಲ್ಯಾಟಿನ್‌ನಲ್ಲಿ ಬರೆಯುವಾಗ ಸಣ್ಣ ಡಬ್ಬಿ ಎಂಬರ್ಥದ 'ಪಿಕ್ಸಿಸ್' ಎಂಬ ಪದವನ್ನು ಬಳಸಿದ. ಅಂದಿನಿಂದ ಯೂರೋಪಿನ ಜನರ ಬಾಯಲ್ಲಿ ವಾಡೆ ಹೋಗಿ ಪೆಟ್ಟಿಗೆ ಬಂತು.

ಇನ್ನೂ ದೊಡ್ಡ ತಪ್ಪೆಂದರೆ, ಕೊನೆಯಲ್ಲಿ ಭರವಸೆಯೂ ಹೊರಬಂದು ಮನುಷ್ಯರನ್ನು ಸಂತೈಸಿತೆಂದು ಹೇಳಿ ನಾನು ಪಾಠ ಮುಗಿಸುತ್ತಿದ್ದೆ. ಮೂಲದಲ್ಲಿ ಮುಚ್ಚಳ ಬಿದ್ದುದರಿಂದ ಭರವಸೆ ಒಳಗೇ ಉಳಿಯಿತು. ಅದು ಮನುಷ್ಯನಿಗಾಗಿ ಜೋಪಾನವಾಗಿ ಉಳಿಯಿತೋ, ಅವನ ಕೈಗೆ ಸಿಗದಂತೆ ಬಂಧಿಯಾಯಿತೋ ಎಂಬುದನ್ನು ಪಂಡಿತರು ಇಂದಿಗೂ ಚರ್ಚಿಸುತ್ತಿದ್ದಾರೆ. ಮಕ್ಕಳು ಯೋಚಿಸಬೇಕಾಗಿದ್ದ ಪ್ರಶ್ನೆಯನ್ನೇ ನಾನು ಸಿಹಿಮಾತಿನಿಂದ ಮುಚ್ಚಿಬಿಟ್ಟಿದ್ದೆ.

ಕಥೆಯನ್ನು ಪೂರ್ತಿ ತಿಳಿದು ಹೆಸರಿಟ್ಟವರೂ ಇದ್ದಾರೆ. 1802ರಲ್ಲಿ ಸ್ವೀಡನ್ನಿನ ಎಕೆಬರ್ಗ್ ಕಂಡುಹಿಡಿದ ಲೋಹದ ಆಕ್ಸೈಡು ಆಮ್ಲದಲ್ಲಿ ಮುಳುಗಿದರೂ ಆಮ್ಲವನ್ನು ಹೀರಿಕೊಳ್ಳುತ್ತಿರಲಿಲ್ಲ. ಗಲ್ಲದವರೆಗೆ ನೀರಿನಲ್ಲಿ ನಿಂತರೂ ಒಂದು ಗುಟುಕು ಕುಡಿಯಲಾಗದ ಟ್ಯಾಂಟಲಸ್ ಅವನಿಗೆ ನೆನಪಾದ. ಲೋಹ ಟ್ಯಾಂಟಲಮ್ ಆಯಿತು. ಅದರ ಜೊತೆಯಲ್ಲೇ ದೊರೆಯುವ ಮತ್ತೊಂದು ಲೋಹಕ್ಕೆ 1844ರಲ್ಲಿ ಹೈನ್ರಿಕ್ ರೋಸ್, ಟ್ಯಾಂಟಲಸನ ಮಗಳು ನಯೋಬಿಯ ನೆನಪಿಗೆ ನಯೋಬಿಯಮ್ ಎಂದು ಹೆಸರಿಟ್ಟ.

ಇನ್ನು ಮೆಂಟರ್. ಹೋಮರನ 'ಒಡಿಸ್ಸಿ'ಯಲ್ಲಿ ಅವನು ಇಥಾಕಾದ ಒಬ್ಬ ಮುದುಕ. ಟ್ರಾಯ್ ಯುದ್ಧಕ್ಕೆ ಹೊರಟ ಒಡಿಸ್ಯೂಸ್ ತನ್ನ ಮನೆಯನ್ನು ನೋಡಿಕೊಳ್ಳುವ ಭಾರವನ್ನು ಅವನಿಗೆ ಒಪ್ಪಿಸಿದ್ದ. ಆದರೂ ಒಡಿಸ್ಯೂಸನ ಹೆಂಡತಿಯನ್ನು ವರಿಸಲು ಬಂದವರು ಆ ಮನೆಯನ್ನು ತಿಂದು ತೇಗುತ್ತಿದ್ದುದನ್ನು ತಡೆಯಲು ಅವನಿಂದ ಆಗಲಿಲ್ಲ. ಮಗ ಟೆಲಿಮೇಕಸ್‌ಗೆ ಧೈರ್ಯ ತುಂಬಿ ಹಡಗಿನಲ್ಲಿ ಜೊತೆಗೆ ಹೋದದ್ದು ಮೆಂಟರನಲ್ಲ, ಅವನ ರೂಪ ಧರಿಸಿದ ಅಥೀನಾ ದೇವಿ. 1699ರಲ್ಲಿ ಪ್ರಕಟವಾದ ಫ್ರೆಂಚ್ ಲೇಖಕ ಫೆನೆಲಾನನ ಟೆಲಿಮೇಕಸ್ ಕಥೆಯಲ್ಲಿ ಮೆಂಟರನೇ ಮುಖ್ಯ ಉಪದೇಶಕನಾದ. ಆ ಪುಸ್ತಕ ಯೂರೋಪಿನಲ್ಲೆಲ್ಲ ಜನಪ್ರಿಯವಾಗಿ, 18ನೆಯ ಶತಮಾನದ ನಡುವಿನ ಹೊತ್ತಿಗೆ ಅವನ ಹೆಸರು ಇಂಗ್ಲಿಷಿನಲ್ಲಿ ಮಾರ್ಗದರ್ಶಕ ಎಂಬರ್ಥದ ಸಾಮಾನ್ಯ ಪದವಾಗಿ ಬಳಕೆಗೆ ಬಂತು. ಫೆನೆಲಾನನೂ ಒಬ್ಬ ಮೇಷ್ಟ್ರು. ಹದಿನಾಲ್ಕನೆಯ ಲೂಯಿ ದೊರೆಯ ಮೊಮ್ಮಗನಿಗೆ ಪಾಠ ಹೇಳಿದವನು.

ಹೋಮರನ ಮೆಂಟರ್ ತಾನಾಗಿಯೇ ಮಾಡಿದ ಒಂದು ಕೆಲಸವಿದೆ. ಊರಿನ ಸಭೆಯಲ್ಲಿ ಎದ್ದು ನಿಂತು, ಅನ್ಯಾಯ ಮಾಡುವವರಿಗಿಂತ ಅದನ್ನು ನೋಡುತ್ತ ಬಾಯಿ ಮುಚ್ಚಿ ಕುಳಿತ ನಿಮ್ಮ ಮೇಲೆಯೇ ನನಗೆ ಕೋಪ ಎಂದು ಊರವರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಅವನ ಮಾತಿಗೆ ಬೆಲೆ ಸಿಗದೆ ಸಭೆ ಚದುರುತ್ತದೆ. ಆದರೂ ಆಡಬೇಕಾದ ಮಾತನ್ನು ಅವನು ಆಡಿದ್ದ.

ಆ ಹುಡುಗಿ ಮುಂದಿನ ಸಲ ಬಂದಾಗ ಇದನ್ನೇ ಹೇಳುತ್ತೇನೆ. ತರಗತಿಯಲ್ಲಿ ನನ್ನ ಬಾಯಿಂದ ಬಂದ ವಿವೇಕದ ಮಾತುಗಳು ನನ್ನ ಗುರುಗಳವು. ರೂಪ ಮಾತ್ರ ನನ್ನದಾಗಿತ್ತು. ನನ್ನ ಪಾಲಿಗೆ ಉಳಿದಿರುವುದು ತಪ್ಪನ್ನು ತಪ್ಪೆಂದು ಎದ್ದು ನಿಂತು ಹೇಳುವ ಕೆಲಸ. ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮ ಮಕ್ಕಳಿಗೆ ಪಂಡೋರಳ ಕಥೆ ಹೇಳುವಾಗ ದಯವಿಟ್ಟು ಪೆಟ್ಟಿಗೆಯ ಜಾಗದಲ್ಲಿ ವಾಡೆಯನ್ನಿಡಿ. ಭರವಸೆ ಒಳಗೇಕೆ ಉಳಿಯಿತೆಂದು ಅವರನ್ನೇ ಕೇಳಿ.