ನಾರುಹುಣ್ಣಿನ ನೆನಪು

ನಮ್ಮ ಕಿರವತ್ತಿ ಮಲೆನಾಡು ಮುಗಿದು ಬಯಲುಸೀಮೆ ಹತ್ತಿರವಾಗುವ ಊರು. ಹುಬ್ಬಳ್ಳಿ ಕಡೆಯಿಂದ ಕೂಲಿಗೆ ಬಂದವರು ನಮ್ಮ ಅಂಗಳದಲ್ಲಿ ತಂಗುತ್ತಿದ್ದರು. ನಾನು ಶಾಲೆಗೆ ಹೋಗುತ್ತಿದ್ದ ಕಾಲ. ಹಾಗೆ ಬಂದ ಒಬ್ಬ ಮುದುಕನ ಪಾದದಲ್ಲಿ ಹುಣ್ಣು. ಅದರಿಂದ ಹೊರಬಂದ ಬಿಳಿ ದಾರದಂಥ ಹುಳುವನ್ನು ಕಡ್ಡಿಗೆ ಸುತ್ತಿಕೊಂಡಿದ್ದ. “ಜಗ್ಗಬ್ಯಾಡೋ ತಮ್ಮಾ, ಹರಿದ್ರ ಕಾಲು ಕೊಳೀತೈತಿ” ಎಂದ. ಅವನ ಉರಿ ನೋಡಲಾರದೆ ಕೈಹಿಡಿದು ಕೆರೆಗೆ ಕರೆದೊಯ್ದೆ. ಕಾಲನ್ನು ನೀರಿಗೆ ಇಳಿಬಿಟ್ಟು ಕುಳಿತ. ಅವನಿಗೆ ತಂಪಾಯಿತು, ನನಗೆ ಪುಣ್ಯ ಕಟ್ಟಿಕೊಂಡ ಹೆಮ್ಮೆ.

ಹುಳು ಕಾಯುವುದೇ ಆ ತಂಪಿಗೆ ಎಂದು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆ. ಕಾಲು ನೀರಿಗೆ ತಾಗಿದೊಡನೆ ಅದು ಸಾವಿರಾರು ಮರಿಗಳನ್ನು ಬಿಡುತ್ತದೆ. ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಕಂಡೂ ಕಾಣದ ನೀರಹುಳು ಅವನ್ನು ನುಂಗುತ್ತದೆ. ಆ ನೀರು ಕುಡಿದವನಿಗೆ ವರ್ಷ ತುಂಬುವ ಹೊತ್ತಿಗೆ ಹುಣ್ಣು.

ಇದಕ್ಕೆ ಮದ್ದಿಲ್ಲ, ಲಸಿಕೆಯೂ ಇಲ್ಲ. 1984ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಆರೋಗ್ಯ ಕಾರ್ಯಕರ್ತರು ಮನೆಮನೆ ಹೊಕ್ಕು ವಿಚಾರಿಸಿದರು. ಜನ ಕಾಲಿಡುತ್ತಿದ್ದ ಮೆಟ್ಟಿಲುಬಾವಿಗಳು ಸೇದುವ ಬಾವಿಗಳಾದವು, ಬೋರ್‌ವೆಲ್ ಬಂದವು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಕಲಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು.

ನಮ್ಮ ಕೆರೆಯಿಂದಲೂ ಕುಡಿಯಲು ನೀರು ಒಯ್ಯುವವರಿದ್ದರು. ಅವರಲ್ಲಿ ಯಾರಿಗೂ ಹುಣ್ಣಾಗಲಿಲ್ಲ ಎಂಬುದು ನನ್ನ ಅದೃಷ್ಟ. ಒಂದು ಕೊಡ ನೀರು ತಂದು ದಡದಿಂದಾಚೆ ಆ ಕಾಲಿಗೆ ಹೊಯ್ದಿದ್ದರೆ ಸಾಕಿತ್ತು.