ಕೊಬ್ಬು ಇಳಿಸುವ ವಿದ್ಯೆಯ ಚರಿತ್ರೆ

ಕೊಬ್ಬು ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಒಂದು, ಮೈಯೊಳಗಿನ ಮೇದಸ್ಸು. ಇನ್ನೊಂದು, ತಲೆಗೇರಿದ ಸೊಕ್ಕು. ನನ್ನ ತರಗತಿಯಲ್ಲಿ ಕುಳಿತಿದ್ದವರು "ನಿನ್ನ ಕೊಬ್ಬು ಇಳಿಸುತ್ತೇನೆ ತಾಳು" ಎಂಬ ಮಾತನ್ನು ಎರಡನೆಯ ಅರ್ಥದಲ್ಲಿ ಒಮ್ಮೆಯಾದರೂ ಕೇಳಿಯೇ ಇರುತ್ತಾರೆ. ಮೊದಲನೆಯ ಅರ್ಥದಲ್ಲಿ ಕೊಬ್ಬು ಇಳಿಸುವ ವಿದ್ಯೆಗೂ ಒಂದು ಚರಿತ್ರೆಯಿದೆ. ಈ ಸಲ ಅದನ್ನು ಕುರಿತು ಬರೆಯುವ ಮನಸ್ಸಾಗಿದೆ.

ಕಾರಣವಿಷ್ಟೆ. ನಮ್ಮ ಬಂಧುವರ್ಗದಲ್ಲಿ ಮದುವೆ ನಿಶ್ಚಯವಾಗಿರುವ ಒಬ್ಬ ಹುಡುಗಿ, "ತಾತ, ಲೈಪೊಸಕ್ಷನ್ ಮಾಡಿಸಿಕೊಂಡರೆ ಐದು ಕಿಲೋ ಹೋಗುತ್ತದಂತೆ, ಆಮೇಲೆ ಬರುವುದೇ ಇಲ್ಲವಂತೆ, ನಿಜವೇ?" ಎಂದು ಕೇಳಿದಳು. ಅವಳ ತಾಯಿಯ ಮನಸ್ಸಿನಲ್ಲಿ ಇದ್ದದ್ದು ಬೇರೆಯದೇ ಸಂಗತಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ 21 ವರ್ಷದ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆಂದು ಹೋಗಿ ಪ್ರಾಣ ಕಳೆದುಕೊಂಡ ಸುದ್ದಿ. ನಾನು ವೈದ್ಯನಲ್ಲ, ಚರಿತ್ರೆಯ ಮೇಷ್ಟರು. ಯಾವ ವಿಷಯವನ್ನು ಕೇಳಿದರೂ ಇದು ಯಾವಾಗ, ಯಾರಿಂದ, ಏತಕ್ಕಾಗಿ ಆರಂಭವಾಯಿತು ಎಂದು ಹುಡುಕುವುದು ನನ್ನ ಚಾಳಿ. ಹುಡುಕಿದಾಗ ದೊರೆತದ್ದನ್ನು ಇಲ್ಲಿ ಹೇಳುತ್ತೇನೆ.

ದೇಹವನ್ನು ಇಳಿಸಿದ ಕಥೆಯನ್ನು ಪುಸ್ತಕ ಮಾಡಿ ಲೋಕಪ್ರಸಿದ್ಧನಾದ ಒಬ್ಬ ವ್ಯಕ್ತಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. ಈತನ ವೃತ್ತಿ ಶವಸಂಸ್ಕಾರದ ಏರ್ಪಾಡು ಮಾಡುವುದು; ರಾಜಮನೆತನದ ಅಂತ್ಯಕ್ರಿಯೆಗಳನ್ನೂ ಅವರ ಕುಟುಂಬವೇ ನಡೆಸಿಕೊಡುತ್ತಿತ್ತು. ಐದೂಕಾಲು ಅಡಿಗಿಂತ ತುಸು ಎತ್ತರದ ಮನುಷ್ಯ, ತೂಕ ಸುಮಾರು 92 ಕಿಲೋ. ಬಗ್ಗಿ ಬೂಟಿನ ದಾರ ಕಟ್ಟಲಾಗದು. ಮೆಟ್ಟಿಲಿಳಿಯುವಾಗ ಹಿಮ್ಮುಖವಾಗಿ ಇಳಿಯಬೇಕು. ದೋಣಿಯ ಹುಟ್ಟು ಹಾಕಿ ನೋಡಿದ, ಹಬೆಯ ಸ್ನಾನ ಮಾಡಿದ, ಏನೂ ಆಗಲಿಲ್ಲ. ಕಡೆಗೆ ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯರಲ್ಲಿಗೆ ಹೋದ. (ರಕ್ತಪರಿಚಲನೆಯನ್ನು ಕಂಡುಹಿಡಿದ ಹಾರ್ವೆ ಇವರಲ್ಲ, ಆತ ಎರಡು ಶತಮಾನಗಳಷ್ಟು ಹಿಂದಿನವರು. ಪರೀಕ್ಷೆಯಲ್ಲಿ ಹೀಗೆ ಹೆಸರು ಕಲಸಿಕೊಂಡು ಅಂಕ ಕಳೆದುಕೊಂಡವರು ಇದನ್ನು ಓದುತ್ತಿರಬಹುದು.) ಹಾರ್ವೆಯವರು ಬ್ರೆಡ್, ಸಕ್ಕರೆ, ಬಿಯರ್, ಆಲೂಗಡ್ಡೆಗಳನ್ನು ಬಿಡಿಸಿದರು. ಒಂದು ವರ್ಷದಲ್ಲಿ ಬ್ಯಾಂಟಿಂಗ್ ಸುಮಾರು 20 ಕಿಲೋ ಇಳಿದ. 1863ರಲ್ಲಿ ಅವನು ಅಚ್ಚು ಹಾಕಿಸಿದ ಕಿರುಹೊತ್ತಗೆ ಎಷ್ಟು ಹರಡಿತೆಂದರೆ, ಸ್ವೀಡಿಷ್ ಭಾಷೆಯಲ್ಲಿ ಪಥ್ಯ ಮಾಡಿ ತೂಕ ಇಳಿಸುವುದಕ್ಕೆ ಇಂದಿಗೂ ಅವನ ಹೆಸರಿನಿಂದಲೇ ಹುಟ್ಟಿದ 'ಬಾಂಟಾ' ಎಂಬ ಕ್ರಿಯಾಪದವಿದೆ. ಅವನು 1878ರಲ್ಲಿ, 81ನೆಯ ವಯಸ್ಸಿನಲ್ಲಿ ತೀರಿಕೊಂಡ.

ಬಾಯಿ ಕಟ್ಟುವ ಈ ದಾರಿಯ ಪಕ್ಕದಲ್ಲಿಯೇ ಕತ್ತಿಯ ದಾರಿಯೂ ತೆರೆಯಿತು. 1899ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೋವರ್ಡ್ ಕೆಲ್ಲಿ ಎಂಬ ಪ್ರಸಿದ್ಧ ಸ್ತ್ರೀರೋಗ ತಜ್ಞರು ಜೋಲುಬಿದ್ದ ಹೊಟ್ಟೆಯ ಚರ್ಮವನ್ನೂ ಕೊಬ್ಬನ್ನೂ ಒಟ್ಟಾಗಿ ಕತ್ತರಿಸಿ ತೆಗೆದರು. ಇದು ನಡೆದಾಡಲೂ ಕಷ್ಟವಾದವರಿಗೆ ಮಾಡಿದ ಉಪಕಾರ. ಹತ್ತಾರು ಕಿಲೋ ತೂಕ ಇಳಿಸಿದವರಿಗೆ ಸಡಿಲವಾಗಿ ಜೋಲುವ ಚರ್ಮವನ್ನು ಇಂದು ತೆಗೆದು ಹೊಲಿಯುತ್ತಾರಲ್ಲ, ಅದು ಇದೇ ವಂಶದ್ದು. ಗಾಯ ಉದ್ದ, ಗುರುತು ಶಾಶ್ವತ.

ಕೇವಲ ರೂಪಕ್ಕಾಗಿ ಕೊಬ್ಬು ತೆಗೆಯಹೊರಟ ಪ್ರಸಂಗ ನಡೆದದ್ದು 1920ರ ದಶಕದ ಪ್ಯಾರಿಸ್ಸಿನಲ್ಲಿ. ಮೊಳಕಾಲು ಮುಟ್ಟುವ ಲಂಗಗಳು ಬಂದ ಕಾಲ ಅದು. ಅದುವರೆಗೆ ಬಟ್ಟೆಯೊಳಗೆ ಅಡಗಿದ್ದ ಕಾಲು ಎಲ್ಲರ ಕಣ್ಣಿಗೆ ಬಿದ್ದಿತು. ತನ್ನ ಮೀನಖಂಡ ದಪ್ಪವೆಂದು ನೊಂದ ಯುವತಿಯೊಬ್ಬಳು ಚಾರ್ಲ್ಸ್ ದುಜಾರಿಯೆ ಎಂಬ ಶಸ್ತ್ರವೈದ್ಯರಲ್ಲಿಗೆ ಹೋದಳು. ವೈದ್ಯಶಾಸ್ತ್ರದ ಲೇಖನಗಳು ಆಕೆಯನ್ನು ನರ್ತಕಿಯೆಂದು ಹೇಳುತ್ತವೆ. ವೈದ್ಯರು ಗರ್ಭಕೋಶವನ್ನು ಕೆರೆಯಲು ಬಳಸುವ ಹರಿತವಾದ ಸಲಾಕೆಯಿಂದ ಚರ್ಮದಡಿಯ ಕೊಬ್ಬನ್ನು ಕೆರೆದು ತೆಗೆದರು. ಕಾಲು ಕೊಳೆಯಿತು, ಕತ್ತರಿಸಬೇಕಾಯಿತು. ರೋಗವಿಲ್ಲದೆ, ನಡೆದುಕೊಂಡೇ ಆಸ್ಪತ್ರೆಗೆ ಬಂದ ಹೆಣ್ಣುಮಗಳು ಆಕೆ. ಪ್ರಕರಣ ನ್ಯಾಯಾಲಯಕ್ಕೆ ಹೋಗಿ 1929ರಲ್ಲಿ ವೈದ್ಯರ ವಿರುದ್ಧ ತೀರ್ಪಾಯಿತು. ಆರೋಗ್ಯವಾಗಿರುವ ಅಂಗದ ಮೇಲೆ ಬರೀ ಅಂದಕ್ಕಾಗಿ ಅಪಾಯಕರವಾದ ಶಸ್ತ್ರ ನಡೆಸುವುದೇ ತಪ್ಪು ಎಂಬುದು ಆ ತೀರ್ಪಿನ ಸಾರ. ಅದು ಫ್ರೆಂಚ್ ವೈದ್ಯರಲ್ಲಿ ದೊಡ್ಡ ಗದ್ದಲವನ್ನೆಬ್ಬಿಸಿತು. ಕೊಬ್ಬು ಕೆರೆಯುವ ವಿದ್ಯೆ ದಶಕಗಳ ಕಾಲ ಮೂಲೆ ಸೇರಿತು.

1960ರ ದಶಕದಲ್ಲಿ ಜರ್ಮನಿಯ ಯೋಸೆಫ್ ಶ್ರುಡ್ಡೆ ಅದನ್ನು ಮತ್ತೆ ಕೈಗೆತ್ತಿಕೊಂಡರು. ಸಲಾಕೆ ಆಗಲೂ ಹರಿತವೇ. ಒಳಗೆ ರಕ್ತ, ದ್ರವಗಳು ತುಂಬಿಕೊಳ್ಳುವ ತೊಂದರೆ ತಪ್ಪಲಿಲ್ಲ. 1970ರ ದಶಕದ ನಡುವೆ ಇಟಲಿಯಲ್ಲಿ ಆರ್ಪಾಡ್ ಫಿಷರ್ ಮತ್ತು ಅವರ ಮಗ ಜಾರ್ಜಿಯೋ ಫಿಷರ್ ಕತ್ತರಿಸುವ ಅಲಗಿನ ಜೊತೆಗೆ ಹೀರುವ ಯಂತ್ರವನ್ನೂ ಕೂಡಿಸಿದರು.

ನಿಜವಾದ ತಿರುವು 1977ರದು. ಪ್ಯಾರಿಸ್ಸಿನ ಈವ್-ಜೆರಾರ್ ಇಲೂಝ್ ಎಂಬ ವೈದ್ಯರ ಬಳಿಗೆ ಒಬ್ಬ ಯುವತಿ ಬೆನ್ನಿನ ಮೇಲಿನ ಕೊಬ್ಬಿನ ಗಂಟನ್ನು ತೆಗೆಸಿಕೊಳ್ಳಲು ಬಂದಳು. ದೊಡ್ಡ ಗುರುತು ಉಳಿಯಕೂಡದು ಎಂಬುದು ಅವಳ ಕೋರಿಕೆ. ಇಲೂಝ್ ಸಣ್ಣ ರಂಧ್ರ ಮಾಡಿ, ಮೊಂಡು ತುದಿಯ ಕೊಳವೆಯೊಂದನ್ನು ತೂರಿಸಿ, ಗಂಟನ್ನು ಹೀರಿ ತೆಗೆದರು. ಮೊಂಡು ತುದಿ ಎಂಬುದನ್ನು ಗಮನಿಸಬೇಕು. ಐವತ್ತು ವರ್ಷ ಎಲ್ಲರೂ ಹರಿತವಾದುದನ್ನೇ ಹಿಡಿದಿದ್ದರು. ಹರಿತವಾದುದು ಕೊಬ್ಬಿನೊಡನೆ ರಕ್ತನಾಳವನ್ನೂ ನರವನ್ನೂ ಕೊಯ್ಯುತ್ತದೆ. ಮೊಂಡಾದುದು ಮೆತ್ತಗಿನ ಕೊಬ್ಬನ್ನು ಬಿಡಿಸಿ, ಗಟ್ಟಿಯಾದ ನಾಳಗಳನ್ನು ಬಹುಮಟ್ಟಿಗೆ ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತದೆ. ಒಳಗೆ ಸುರಂಗಗಳಂತಹ ಹಾದಿಗಳಾಗುತ್ತವೆ. ಸುರಂಗಗಳ ನಡುವೆ ನಾಳಗಳ ಸೇತುವೆಗಳು ಉಳಿದು ಮೇಲಿನ ಚರ್ಮಕ್ಕೆ ರಕ್ತ ಒದಗಿಸುತ್ತವೆ. ಪ್ಯಾರಿಸ್ಸಿನ ಆ ಯುವತಿಯ ಕಾಲಿಗೆ ಇಲ್ಲದೆ ಹೋದದ್ದು ಈ ಸೇತುವೆಯೇ.

ಉಳಿದಿದ್ದ ಆತಂಕ ರಕ್ತಸ್ರಾವದ್ದು. ಮೊದಮೊದಲು ಹೀರಿ ತೆಗೆದ ಪದಾರ್ಥದಲ್ಲಿ ಕಾಲುಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ರಕ್ತವೇ ಇರುತ್ತಿತ್ತು. ಕ್ಯಾಲಿಫೋರ್ನಿಯದ ಚರ್ಮವೈದ್ಯ ಜೆಫ್ರಿ ಕ್ಲೈನ್ 1987ರಲ್ಲಿ ಇದಕ್ಕೆ ಉಪಾಯವನ್ನು ಪ್ರಕಟಿಸಿದರು. ನೋವು ಮರೆಸುವ ಲಿಡೊಕೇನ್, ರಕ್ತನಾಳವನ್ನು ಸಂಕೋಚಗೊಳಿಸುವ ಎಪಿನೆಫ್ರಿನ್, ಎರಡನ್ನೂ ಬಹಳ ತೆಳ್ಳಗೆ ಲವಣಜಲದಲ್ಲಿ ಬೆರೆಸಿ, ಕೊಬ್ಬಿನ ಪದರ ಬಿಗಿದು ಉಬ್ಬುವಷ್ಟು ತುಂಬುವುದು, ಆಮೇಲೆ ಹೀರುವುದು. ರಕ್ತನಷ್ಟ ಶೇಕಡ ಒಂದರ ಆಸುಪಾಸಿಗೆ ಇಳಿಯಿತು. ಮೈಗೆ ಪೂರ್ತಿ ಮಂಪರು ಕೊಡದೆಯೂ ಸಣ್ಣ ಪ್ರಮಾಣದ ಚಿಕಿತ್ಸೆ ಮಾಡುವುದು ಸಾಧ್ಯವಾಯಿತು.

ಸುಲಭವಾದದ್ದು ಸಾಮಾನ್ಯವಾಗುತ್ತದೆ, ಸಾಮಾನ್ಯವಾದದ್ದರ ಬಗ್ಗೆ ಭಯ ಹೋಗುತ್ತದೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನರ ನಡುವೆ ನಡೆಸಿ 2000ದಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ 1994ರಿಂದ 1998ರವರೆಗಿನ ಸಾವಿನ ಪ್ರಮಾಣ ಲಕ್ಷಕ್ಕೆ ಸುಮಾರು 19 ಎಂದು ಕಂಡುಬಂದಿತು, ಅಂದರೆ ಹೆಚ್ಚುಕಡಿಮೆ ಐದು ಸಾವಿರಕ್ಕೆ ಒಬ್ಬರು. ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿ ತಡೆಯುವುದು ಮುಖ್ಯ ಕಾರಣ. ಇದನ್ನೊಂದನ್ನೇ ಎಚ್ಚರಿಕೆಯಿಂದ ಮಾಡಿದಲ್ಲಿ ಅಪಾಯ ಬಹಳ ಕಡಿಮೆಯೆಂದು ಆನಂತರದ ಸಮೀಕ್ಷೆಗಳು ಹೇಳುತ್ತವೆ. ಹೆಚ್ಚು ಪ್ರಮಾಣದಲ್ಲಿ ತೆಗೆಯುವುದು, ಹೊಟ್ಟೆ ಬಿಗಿ ಮಾಡುವಂತಹ ಬೇರೆ ಶಸ್ತ್ರಚಿಕಿತ್ಸೆಯನ್ನೂ ಅದೇ ದಿನ ಸೇರಿಸುವುದು, ತುರ್ತುಚಿಕಿತ್ಸೆಯ ಅನುಕೂಲವಿಲ್ಲದ ಕಡೆ ಮಾಡುವುದು, ಇವುಗಳಿಂದ ಅಪಾಯ ಏರುತ್ತದೆ. ಒಂದೇ ಸಲಕ್ಕೆ 5 ಲೀಟರಿಗಿಂತ ಹೆಚ್ಚು ತೆಗೆಯುವುದನ್ನು ದೊಡ್ಡ ಪ್ರಮಾಣದ್ದೆಂದು ಪರಿಗಣಿಸಿ, ಆಸ್ಪತ್ರೆಯಲ್ಲಿ ಉಳಿಸಿಕೊಂಡು ನೋಡಬೇಕೆಂದು ಅಲ್ಲಿನ ತಜ್ಞರ ನಿಯಮ. ಆ ಐದು ಲೀಟರಿನಲ್ಲಿ ತುಂಬಿದ ನೀರೂ ಸೇರಿರುತ್ತದೆ. 'ಐದು ಕಿಲೋ' ಎಂಬ ಮಾತಿನ ಲೆಕ್ಕವನ್ನು ಹುಡುಗಿಯರು ಇಲ್ಲಿಂದ ಹಾಕಿಕೊಳ್ಳಬೇಕು.

ಇನ್ನು 'ಆಮೇಲೆ ಬರುವುದೇ ಇಲ್ಲ' ಎಂಬ ಮಾತು. ಇದಕ್ಕೆ ಉತ್ತರ ನಾನು ನಿರೀಕ್ಷಿಸದ ಕಡೆಯಿಂದ, ನನ್ನದೇ ಪಾಠದ ಒಳಗಿನಿಂದ ಬಂದಿತು. ಹತ್ತನೆಯ ತರಗತಿಯಲ್ಲಿ ಶೀತಲ ಸಮರದ ಪಾಠ ಮಾಡುವಾಗ 1963ರ ಪರಮಾಣು ಪರೀಕ್ಷಾ ನಿಷೇಧ ಒಪ್ಪಂದವನ್ನು ಇಸವಿ ಸಮೇತ ಬಾಯಿಪಾಠ ಮಾಡಿಸುತ್ತಿದ್ದೆ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಬಯಲಿನಲ್ಲಿ ಸಿಡಿಸಿದ ಬಾಂಬುಗಳಿಂದ ವಾತಾವರಣದಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಸುಮಾರು ಇಮ್ಮಡಿಯಾಗಿತ್ತು. ಒಪ್ಪಂದದ ತರುವಾಯ ಅದು ವರ್ಷವರ್ಷವೂ ಇಳಿಯುತ್ತ ಬಂದಿತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ಅನ್ನಕ್ಕೆ, ಅನ್ನದಿಂದ ನಮ್ಮ ಜೀವಕೋಶಕ್ಕೆ ಆ ಇಂಗಾಲ ಸೇರುತ್ತದೆ. ಆದ್ದರಿಂದ ಒಂದು ಜೀವಕೋಶದ ಡಿಎನ್‌ಎಯಲ್ಲಿ ಅದೆಷ್ಟಿದೆಯೆಂದು ಅಳೆದರೆ ಆ ಕೋಶ ಹುಟ್ಟಿದ ಇಸವಿಯನ್ನು ಹೇಳಬಹುದು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. ಅವರು ಅಳೆದ ಕೊಬ್ಬಿನಲ್ಲಿ ಲೈಪೊಸಕ್ಷನ್ನಿನಲ್ಲಿ ಹೀರಿ ತೆಗೆದ ಕೊಬ್ಬೂ ಇತ್ತು. ಶಾಸನವನ್ನು ಓದುವಂತೆ ಕೊಬ್ಬನ್ನು ಓದಿದರು!

2008ರಲ್ಲಿ ಪ್ರಕಟವಾದ ಅವರ ನಿರ್ಣಯ ಹೀಗಿದೆ. ಕೊಬ್ಬಿನ ಕೋಶಗಳ ಸಂಖ್ಯೆ ಬಾಲ್ಯ ಮತ್ತು ಹರೆಯದಲ್ಲಿ ನಿಶ್ಚಯವಾಗಿ, ಪ್ರಾಯಕ್ಕೆ ಬಂದ ಮೇಲೆ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ವರ್ಷಕ್ಕೆ ಶೇಕಡ 10ರಷ್ಟು ಕೋಶಗಳು ಸಾಯುತ್ತವೆ, ಅಷ್ಟೇ ಹೊಸವು ಹುಟ್ಟುತ್ತವೆ. ಪಥ್ಯ ಮಾಡಿ ತೆಳ್ಳಗಾದವರಲ್ಲಿ ಕೋಶಗಳು ಕುಗ್ಗುತ್ತವೆಯೇ ಹೊರತು ಎಣಿಕೆಯಲ್ಲಿ ಕಡಿಮೆಯಾಗುವುದಿಲ್ಲ. ಗಾಳಿ ಬಿಟ್ಟ ಬಲೂನಿನಂತೆ ಕಾದಿರುತ್ತವೆ.

ಹಾಗಾದರೆ ಕೋಶವನ್ನೇ ಹೀರಿ ತೆಗೆದವರ ಗತಿಯೇನು? ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು 32 ಮಂದಿ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಸೊಂಟದ ಕೆಳಗೂ ಕೆಳಹೊಟ್ಟೆಯಲ್ಲೂ ಲೈಪೊಸಕ್ಷನ್ ಮಾಡಿ, ಎರಡೂ ಗುಂಪಿನವರಿಗೆ ಊಟ-ವ್ಯಾಯಾಮಗಳ ಅಭ್ಯಾಸವನ್ನು ಬದಲಿಸಬೇಡಿರೆಂದು ಹೇಳಿದರು. ಆರು ವಾರಕ್ಕೆ ಕೊಬ್ಬು ಕಡಿಮೆಯಾಗಿತ್ತು. ಒಂದು ವರ್ಷಕ್ಕೆ ಎರಡು ಗುಂಪಿಗೂ ಮೈಯ ಒಟ್ಟು ಕೊಬ್ಬಿನಲ್ಲಿ ವ್ಯತ್ಯಾಸವೇ ಉಳಿದಿರಲಿಲ್ಲ. ತೆಗೆದ ತೊಡೆಗೆ ಕೊಬ್ಬು ಮರಳಲಿಲ್ಲ ನಿಜ. ಆದರೆ ಹೊಟ್ಟೆಯ ಭಾಗಕ್ಕೆ ಬಂದು ಸೇರಿತು. 2011ರಲ್ಲಿ ಪ್ರಕಟವಾದ ಈ ಅಧ್ಯಯನದ ಬಾಲವೊಂದಿದೆ. ಚಿಕಿತ್ಸೆ ಪಡೆಯದ ಗುಂಪಿನವರಿಗೆ ಫಲಿತಾಂಶವನ್ನೆಲ್ಲ ತಿಳಿಸಿ, ನಿಮಗೂ ರಿಯಾಯಿತಿ ದರದಲ್ಲಿ ಮಾಡಿಕೊಡುತ್ತೇವೆ, ಬೇಕೇ ಎಂದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಬೇಕೆಂದರು. ಇದನ್ನು ಓದಿ ನಕ್ಕೆ; ಮನುಷ್ಯಸ್ವಭಾವವನ್ನು ಮೂರು ದಶಕ ತರಗತಿಯಲ್ಲಿ ಕಂಡವನಿಗೆ ಆಶ್ಚರ್ಯವಾಗಲಿಲ್ಲ. ತೊಡೆ ಅವರ ಕಣ್ಣಿಗೆ ಕಾಣುತ್ತದೆ, ಕರುಳಿನ ಸುತ್ತ ಸೇರುವ ಕೊಬ್ಬು ಕಾಣುವುದಿಲ್ಲ.

ಆದರೆ ಕೇಡು ಮಾಡುವುದು ಆ ಕಾಣದ ಕೊಬ್ಬೇ. ಸೇಂಟ್ ಲೂಯಿಯಲ್ಲಿ ಸ್ಯಾಮ್ಯುಯೆಲ್ ಕ್ಲೈನ್ ಎಂಬ ಸಂಶೋಧಕರು (ಚರ್ಮವೈದ್ಯ ಕ್ಲೈನ್ ಬೇರೆ) 15 ಮಂದಿ ಸ್ಥೂಲಕಾಯದ ಮಹಿಳೆಯರಿಂದ ತಲಾ ಸುಮಾರು 10 ಕಿಲೋ ಕೊಬ್ಬನ್ನು ತೆಗೆಸಿ ಮೂರು ತಿಂಗಳ ಹೊತ್ತಿಗೆ ಪರೀಕ್ಷಿಸಿದರು. ಊಟ ಕಡಿಮೆ ಮಾಡಿ ಅಷ್ಟು ಇಳಿದಿದ್ದರೆ ಸಕ್ಕರೆ, ರಕ್ತದ ಒತ್ತಡ, ಕೊಲೆಸ್ಟರಾಲ್ ಎಲ್ಲವೂ ಸುಧಾರಿಸಬೇಕಿತ್ತು. ಇಲ್ಲಿ ಯಾವುದೂ ಕದಲಲಿಲ್ಲ. 2004ರಲ್ಲಿ ಇದು ಪ್ರಕಟವಾಯಿತು. ಕೊಳವೆ ಚರ್ಮದಡಿಗೆ ಮಾತ್ರ ಹೋಗುತ್ತದೆ; ಪಿತ್ತಜನಕಾಂಗದೊಳಗೂ ಕರುಳಿನ ಸುತ್ತಲೂ ಇರುವ ಕೊಬ್ಬನ್ನು ಅದು ಮುಟ್ಟಲಾರದು. ಲೈಪೊಸಕ್ಷನ್ ತೂಕ ಇಳಿಸುವ ಚಿಕಿತ್ಸೆಯಲ್ಲ, ಆಕಾರ ತಿದ್ದುವ ಚಿಕಿತ್ಸೆ ಎಂದು ಒಳ್ಳೆಯ ಶಸ್ತ್ರವೈದ್ಯರು ಹೇಳುತ್ತಲೇ ಬಂದಿದ್ದಾರೆ. ಜಾಹೀರಾತಿನ ದೊಡ್ಡಕ್ಷರದಲ್ಲಿ ಆ ಮಾತಿಗೆ ಜಾಗವಿರುವುದಿಲ್ಲ.

ಬ್ರೆಜಿಲ್ ದೇಶದ ಸಾವ್ ಪಾವ್ಲೊ ನಗರದಲ್ಲಿ ಈ ಎಳೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಸಾಧಾರಣ ಮೈಕಟ್ಟಿನ 36 ಮಂದಿ ಮಹಿಳೆಯರಿಗೆ ಹೊಟ್ಟೆಯ ಲೈಪೊಸಕ್ಷನ್ ಮಾಡಿ, ಎರಡು ತಿಂಗಳ ನಂತರ ಅರ್ಧ ಮಂದಿಯನ್ನು ವಾರಕ್ಕೆ ಮೂರು ದಿನದಂತೆ ನಾಲ್ಕು ತಿಂಗಳು ವ್ಯಾಯಾಮಕ್ಕೆ ಹಚ್ಚಿದರು. ಸುಮ್ಮನಿದ್ದವರಲ್ಲಿ ಒಳಗೊಬ್ಬು ಶೇಕಡ 10ರಷ್ಟು ಹೆಚ್ಚಿತು. ವ್ಯಾಯಾಮ ಮಾಡಿದವರಲ್ಲಿ ಹೆಚ್ಚಲಿಲ್ಲ. ಇದು ಬೆಳಕಿಗೆ ಬಂದದ್ದು 2012ರಲ್ಲಿ.

ಈಗ ಚುಚ್ಚುಮದ್ದಿನ ಕಾಲ ಬಂದಿದೆ. ಸೆಮಾಗ್ಲುಟೈಡ್ ಎಂಬ ಔಷಧಿ ತೂಕ ಇಳಿಸುವ ಮದ್ದಾಗಿ 2025ರಲ್ಲಿ ಭಾರತದ ಪೇಟೆಗೂ ಬಂದಿತು. ಅದನ್ನು ನಿಲ್ಲಿಸಿದವರು ಒಂದು ವರ್ಷದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲನ್ನು ಮರಳಿ ಪಡೆದರೆಂದು 2022ರಲ್ಲಿಯೇ ವರದಿಯಾಗಿತ್ತು. ಇಳಿಸುವುದಕ್ಕಿಂತ ಇಳಿದಲ್ಲಿ ನಿಲ್ಲುವುದು ಕಠಿಣವೆಂಬುದನ್ನು ಮನಗಂಡೇ ರೆನಾ ವಿಂಗ್ ಮತ್ತು ಜೇಮ್ಸ್ ಹಿಲ್ ಎಂಬ ಇಬ್ಬರು ವಿದ್ವಾಂಸರು 1994ರಲ್ಲಿ ಅಮೆರಿಕದಲ್ಲಿ ಒಂದು ದಾಖಲೆ ಪುಸ್ತಕವನ್ನು ತೆರೆದಿದ್ದರು. ಕನಿಷ್ಠ 13.6 ಕಿಲೋ ಇಳಿಸಿ, ಕನಿಷ್ಠ ಒಂದು ವರ್ಷ ಹಾಗೆಯೇ ಉಳಿದವರಿಗೆ ಮಾತ್ರ ಅದರಲ್ಲಿ ಹೆಸರು. ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಇಳಿಸಿದ ವಿಧಾನ ಒಬ್ಬೊಬ್ಬರದು ಒಂದೊಂದು. ಉಳಿಸಿಕೊಂಡ ವಿಧಾನದಲ್ಲಿ ಹೋಲಿಕೆಯಿತ್ತು. ಬಹುಪಾಲು ಜನ ಬೆಳಗಿನ ತಿಂಡಿ ಬಿಡುವುದಿಲ್ಲ, ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ, ಟಿವಿ ಮುಂದೆ ಕೂರುವುದು ಕಡಿಮೆ, ದಿನಕ್ಕೆ ಸರಾಸರಿ ಒಂದು ಗಂಟೆ ಮೈ ದಣಿಸುತ್ತಾರೆ. ಅವರಲ್ಲಿ ಅತಿ ಹೆಚ್ಚು ಮಂದಿ ಆರಿಸಿಕೊಂಡ ವ್ಯಾಯಾಮ ನಡಿಗೆ.