ಮರುಮುದ್ರಣ: ಹಳೆಯ ಪುಸ್ತಕದ ಎರಡನೆಯ ಬದುಕು

ದೊಡ್ಡ ಗ್ರಂಥಾಲಯವೊಂದಕ್ಕೆ ಹೋಗಿ ಕಿಟೆಲ್ ನಿಘಂಟು ಬೇಕೆಂದು ಕೇಳಿದರೆ ಗ್ರಂಥಪಾಲಕರು ಮೂರು ಬೇರೆ ಬೇರೆ ಪುಸ್ತಕಗಳನ್ನು ನಿಮ್ಮ ಮುಂದೆ ತಂದಿಡಬಹುದು. ಒಂದು, ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಹೊರತಂದ ಮೂಲ ಪ್ರತಿ. ಎರಡನೆಯದು, ೧೯೮೦ರ ದಶಕದಲ್ಲಿ ನವದೆಹಲಿಯ ಏಷ್ಯನ್ ಎಜುಕೇಷನಲ್ ಸರ್ವೀಸಸ್ ಸಂಸ್ಥೆ ಅದರ ಪುಟಪುಟವನ್ನೂ ಹಾಗೆಯೇ ಅಚ್ಚು ಹಾಕಿದ ಪ್ರತಿ. ಮೂರನೆಯದು, ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ವಿಸ್ತರಿಸಿ, ಮದರಾಸು ವಿಶ್ವವಿದ್ಯಾಲಯದ ಮೂಲಕ ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದು. ಮೂರಕ್ಕೂ ಜನ ಹೇಳುವುದು ಒಂದೇ ಹೆಸರು. ಹಾಗಾದರೆ ಮೂರೂ ಒಂದೇ ಪುಸ್ತಕವೇ? ನಾವು ಯಾವುದನ್ನು ನಂಬಬೇಕು?

ಇದು ಗ್ರಂಥಾಲಯದವರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಇತಿಹಾಸವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದಲ್ಲ ಒಂದು ದಿನ ಎದುರಿಸಬೇಕಾದ ಪ್ರಶ್ನೆ. ಏಕೆಂದರೆ ನಾವು ಇಂದು ಓದುವ ಹಳೆಯ ಪುಸ್ತಕಗಳಲ್ಲಿ ಹೆಚ್ಚಿನವು ಮರುಮುದ್ರಣಗಳೇ.

ಮರುಮುದ್ರಣ ಏಕೆ ಬೇಕಾಗುತ್ತದೆ ಎಂಬುದನ್ನು ಮೊದಲು ನೋಡೋಣ. ತಾಳೆಗರಿಯನ್ನು ಹದಮಾಡಿ, ಹುಳು ಹಿಡಿಯದಂತೆ ಎಣ್ಣೆ ಸವರಿ, ಬಟ್ಟೆಯಲ್ಲಿ ಕಟ್ಟಿಟ್ಟರೆ ಅದು ನೂರಾರು ವರ್ಷ ಬಾಳುತ್ತದೆ. ಆದರೆ ೧೯ನೆಯ ಶತಮಾನದ ನಡುಭಾಗದಿಂದ ಪುಸ್ತಕಗಳಿಗೆ ಬಳಕೆಯಾದ ಕಾಗದದ ಕಥೆ ಬೇರೆ. ಮರದ ತಿರುಳಿನಿಂದ ಮಾಡಿದ ಆ ಅಗ್ಗದ ಕಾಗದದಲ್ಲಿ ಆಮ್ಲದ ಅಂಶ ಉಳಿದುಕೊಳ್ಳುತ್ತದೆ. ಕಾಲ ಕಳೆದಂತೆ ಆ ಆಮ್ಲವೇ ಕಾಗದದ ನಾರನ್ನು ಒಳಗಿನಿಂದ ತಿನ್ನುತ್ತದೆ. ಪುಟ ಕಂದಾಗುತ್ತದೆ, ಮಡಿಸಿದಲ್ಲಿ ಮುರಿಯುತ್ತದೆ, ಕೊನೆಗೆ ಬೆರಳು ತಾಗಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಹೀಗೆ ಐನೂರು ವರ್ಷದ ತಾಳೆಗರಿ ಉಳಿದಿರುವ ಮನೆಯಲ್ಲಿಯೇ ನೂರು ವರ್ಷದ ಮುದ್ರಿತ ಪುಸ್ತಕ ನಶಿಸಿಹೋಗಬಹುದು. ಅಂದಿನ ಪುಸ್ತಕಗಳಲ್ಲಿ ಅನೇಕವು ಕೆಲವೇ ನೂರು ಪ್ರತಿಗಳಷ್ಟು ಮಾತ್ರ ಅಚ್ಚಾಗುತ್ತಿದ್ದವು ಎಂಬುದನ್ನೂ ನೆನೆದರೆ, ಅವುಗಳಿಗೆ ಮರುಹುಟ್ಟು ಕೊಡುವ ಕೆಲಸ ಎಷ್ಟು ತುರ್ತಿನದು ಎಂಬುದು ತಿಳಿಯುತ್ತದೆ.

ಈ ಮರುಹುಟ್ಟಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಯಥಾಪ್ರತಿ ಮುದ್ರಣ. ಹಳೆಯ ಪುಸ್ತಕದ ಪ್ರತಿ ಪುಟದ ಛಾಯಾಚಿತ್ರ ತೆಗೆದು, ಅದರಿಂದ ಫಲಕ ಮಾಡಿ, ಆಫ್‌ಸೆಟ್ ಯಂತ್ರದಲ್ಲಿ ಅಚ್ಚು ಹಾಕುವುದು. ಇಲ್ಲಿ ಅಕ್ಷರ ಜೋಡಣೆಯೇ ಇಲ್ಲದಿರುವುದರಿಂದ ಹೊಸ ತಪ್ಪುಗಳು ನುಸುಳುವುದಿಲ್ಲ. ಆದರೆ ಹಳೆಯ ತಪ್ಪುಗಳು ಒಂದೂ ಬಿಡದೆ ಉಳಿಯುತ್ತವೆ. ಇನ್ನೊಂದು ಪರಿಷ್ಕೃತ ಆವೃತ್ತಿ. ವಿದ್ವಾಂಸರು ಮೂಲ ಆಕರಗಳನ್ನು ಮತ್ತೆ ನೋಡಿ, ತಪ್ಪು ತಿದ್ದಿ, ಹೊಸದಾಗಿ ಸಿಕ್ಕಿದ್ದನ್ನು ಸೇರಿಸಿ, ಅಕ್ಷರವನ್ನು ಮತ್ತೆ ಜೋಡಿಸಿ ಅಚ್ಚು ಹಾಕುವುದು. ಮೊದಲನೆಯದು ಹಳೆಯ ಪುಸ್ತಕದ ಮುಖವನ್ನು ಕಾಪಾಡುತ್ತದೆ. ಎರಡನೆಯದು ಅದರ ಕೆಲಸವನ್ನು ಮುಂದುವರಿಸುತ್ತದೆ.

ಕಿಟೆಲ್ ನಿಘಂಟಿಗೆ ಮರಳೋಣ. ೧೮೩೨ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟೆಲ್ ೧೮೫೩ರಲ್ಲಿ ಮಿಶನರಿಯಾಗಿ ಇಲ್ಲಿಗೆ ಬಂದರು. ಸುಮಾರು ೭೦,೦೦೦ ಪದಗಳನ್ನು ಕಲೆಹಾಕಿ ಕನ್ನಡ–ಇಂಗ್ಲಿಷ್ ನಿಘಂಟನ್ನು ರಚಿಸಿದರು. ಹಳಗನ್ನಡ ಕಾವ್ಯದ ಪದಗಳಷ್ಟೇ ಅಲ್ಲ, ಜನರ ಬಾಯಲ್ಲಿದ್ದ ಗಾದೆಗಳೂ ಅದರಲ್ಲಿ ಸೇರಿದವು. ೧೮೯೦ರ ದಶಕದಲ್ಲಿ ಒಂದು ಮಾತಿಗೆ ಏನು ಅರ್ಥವಿತ್ತು, ಯಾವ ಮಾತು ಇನ್ನೂ ಬಳಕೆಗೆ ಬಂದಿರಲಿಲ್ಲ ಎಂಬುದನ್ನು ತಿಳಿಯಬೇಕಾದರೆ ಮೂಲ ಅಥವಾ ಅದರ ಯಥಾಪ್ರತಿಯೇ ಬೇಕು. ಮರಿಯಪ್ಪ ಭಟ್ಟರ ಪ್ರತಿಯನ್ನು ಹಿಡಿದು ‘ಈ ಪದ ಕಿಟೆಲರ ಕಾಲದಲ್ಲಿಯೇ ಇತ್ತು’ ಎಂದು ನೇರವಾಗಿ ವಾದಿಸಲು ಬರುವುದಿಲ್ಲ. ಆದರೆ ಕಾವ್ಯವೊಂದನ್ನು ಅರ್ಥ ಮಾಡಿಕೊಳ್ಳಲು ಹೊರಟ ವಿದ್ಯಾರ್ಥಿಗೆ ಆ ವಿಸ್ತೃತ ಪ್ರತಿಯಿಂದಲೇ ಹೆಚ್ಚು ಪ್ರಯೋಜನ. ಪುಸ್ತಕಗಳು ಬೇರೆ, ಕೆಲಸಗಳೂ ಬೇರೆ.

ಶಾಸನಗಳ ವಿಚಾರದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬೆಂಗಳೂರಿನಲ್ಲಿಯೇ ೧೮೩೭ರಲ್ಲಿ ಹುಟ್ಟಿದ ಬೆಂಜಮಿನ್ ಲೂಯಿ ರೈಸ್ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದು, ಅನಂತರ ಪುರಾತತ್ತ್ವ ಇಲಾಖೆಯ ನಿರ್ದೇಶಕರಾದವರು. ಸಂಸ್ಥಾನದ ಮತ್ತು ಕೊಡಗಿನ ಹಳ್ಳಿಹಳ್ಳಿಗಳ ಶಾಸನಗಳನ್ನು ಓದಿಸಿ, ೧೮೮೬ರಿಂದ ೧೯೦೫ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಹೆಸರಿನಲ್ಲಿ ಹನ್ನೆರಡು ಸಂಪುಟಗಳನ್ನು ಪ್ರಕಟಿಸಿದರು. ಸುಮಾರು ಒಂಬತ್ತು ಸಾವಿರ ಶಾಸನಗಳು ಅವುಗಳಲ್ಲಿವೆ. ಕರ್ನಾಟಕದ ಗಂಗರು, ಹೊಯ್ಸಳರು, ವಿಜಯನಗರದ ಅರಸರನ್ನು ಕುರಿತು ನಾವು ಪಠ್ಯಪುಸ್ತಕದಲ್ಲಿ ಓದುವ ಎಷ್ಟೋ ಸಂಗತಿಗಳಿಗೆ ಈ ಸಂಪುಟಗಳೇ ಆಧಾರ.

ರೈಸರ ಕೆಲಸ ಅಲ್ಲಿಗೇ ಮುಗಿಯಲಿಲ್ಲ. ೧೮೮೯ರಲ್ಲಿ ಅವರು ಹೊರತಂದ ಶ್ರವಣಬೆಳಗೊಳದ ಸಂಪುಟದಲ್ಲಿ ೧೪೪ ಶಾಸನಗಳಿದ್ದವು. ಅವರ ನಂತರ ಬಂದ ಆರ್. ನರಸಿಂಹಾಚಾರ್ಯರು ಅದೇ ಬೆಟ್ಟಗಳನ್ನು, ಅದೇ ಬಸದಿಗಳನ್ನು ಮತ್ತೆ ಶೋಧಿಸಿ ೧೯೨೩ರಲ್ಲಿ ಪರಿಷ್ಕೃತ ಸಂಪುಟ ತಂದಾಗ ಸಂಖ್ಯೆ ೫೦೦ಕ್ಕೆ ಏರಿತ್ತು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ೧೯೭೨ರಿಂದ ಇಡೀ ಮಾಲೆಯನ್ನೇ ಪರಿಷ್ಕರಿಸಿ ಮುದ್ರಿಸಲು ತೊಡಗಿತು. ಅದರಲ್ಲಿ ೧೯೭೩ರಲ್ಲಿ ಬಂದ ಶ್ರವಣಬೆಳಗೊಳ ಸಂಪುಟದಲ್ಲಿರುವ ಶಾಸನಗಳು ೫೭೩. ಒಂದೇ ಊರು, ಒಂದೇ ಹೆಸರಿನ ಪುಸ್ತಕ. ಆದರೆ ಎಂಬತ್ತನಾಲ್ಕು ವರ್ಷಗಳಲ್ಲಿ ಅದರ ಹೂರಣ ನಾಲ್ಕು ಪಟ್ಟಾಯಿತು.

ಇನ್ನೊಂದು ನಿದರ್ಶನ ನೋಡಿ. ಕನ್ನಡದ ಅತಿ ಹಳೆಯ ಶಾಸನಗಳ ಮಾತು ಬಂದಾಗಲೆಲ್ಲ ನಾವು ನೆನೆಯುವ ಹಲ್ಮಿಡಿ ಶಾಸನ ಬೇಲೂರು ತಾಲ್ಲೂಕಿನದು. ಆದರೆ ಅದು ರೈಸರ ಹಾಸನ ಸಂಪುಟದಲ್ಲಿ ಇಲ್ಲ. ಆಗ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಂ. ಎಚ್. ಕೃಷ್ಣ ಅವರು ಅದನ್ನು ಪ್ರಕಟಿಸಿದ್ದು ೧೯೩೬ರಲ್ಲಿ. ರೈಸರ ಸಂಪುಟದ ಯಥಾಪ್ರತಿಯೊಂದನ್ನೇ ನೆಚ್ಚಿಕೊಂಡ ವಿದ್ಯಾರ್ಥಿಗೆ ಬೇಲೂರು ಸೀಮೆಯಲ್ಲಿ ಹಲ್ಮಿಡಿ ಶಾಸನವೇ ಇಲ್ಲ ಎಂದಾಗುತ್ತದೆ!

ಹಾಗಾದರೆ ಪರಿಷ್ಕೃತ ಆವೃತ್ತಿ ಬಂದ ಮೇಲೆ ಹಳೆಯದನ್ನು ರದ್ದಿಗೆ ಹಾಕಬಹುದಲ್ಲ ಎಂದು ಕೆಲವರು ಕೇಳಬಹುದು. ಹಾಕಬಾರದು. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ರೈಸರ ಕಾಲದಲ್ಲಿ ಓದಿದ ಎಷ್ಟೋ ಕಲ್ಲುಗಳು ಇಂದು ಇಲ್ಲ. ಊರು ಬೆಳೆದಂತೆ, ಕೆರೆ ಬತ್ತಿದಂತೆ, ರಸ್ತೆ ಅಗಲವಾದಂತೆ ಅವು ಒಡೆದು ಪಾಯಕ್ಕೆ ಸೇರಿವೆ ಅಥವಾ ಮಣ್ಣಿನಡಿ ಹೂತುಹೋಗಿವೆ. ಬೆಂಗಳೂರಿನ ಸುತ್ತಮುತ್ತ ಇದು ಹೆಚ್ಚು. ಅಂಥ ಕಡೆ ಕಲ್ಲಿಗೆ ಬದಲಾಗಿ ನಿಂತಿರುವ ಏಕೈಕ ಸಾಕ್ಷಿ ಆ ಹಳೆಯ ಪುಸ್ತಕ. ಎರಡನೆಯದು, ಹೊಸ ಸಂಪುಟಗಳಲ್ಲಿ ಶಾಸನಗಳ ಸಂಖ್ಯೆ ಬದಲಾಗಿದೆ. ನೂರು ವರ್ಷಗಳಿಂದ ವಿದ್ವಾಂಸರು ತಮ್ಮ ಅಡಿಟಿಪ್ಪಣಿಗಳಲ್ಲಿ ಕೊಟ್ಟಿರುವುದು ತಾಲ್ಲೂಕಿನ ಹೆಸರು ಮತ್ತು ಹಳೆಯ ಸಂಖ್ಯೆ. ಹಳೆಯ ಸಂಪುಟ ಕೈಗೆ ಸಿಗದಿದ್ದರೆ ಆ ಟಿಪ್ಪಣಿಗಳ ಜಾಡು ಹಿಡಿಯುವುದು ಕಷ್ಟ.

ಇನ್ನು ಧಾರ್ಮಿಕ ಗ್ರಂಥಗಳ ಮಾತು. ಇತಿಹಾಸದ ಪುಸ್ತಕವನ್ನು ನಾವು ಓದಿ ಪಕ್ಕಕ್ಕಿಡುತ್ತೇವೆ. ಧರ್ಮಗ್ರಂಥವನ್ನಾದರೋ ಜನ ಬಾಳಿನ ಭಾಗವಾಗಿ ಹಿಡಿಯುತ್ತಾರೆ. ಆದ್ದರಿಂದ ಇಲ್ಲಿ ಒಂದು ಅಕ್ಷರಕ್ಕೂ ಬೆಲೆಯಿದೆ.

೧೨ನೆಯ ಶತಮಾನದ ಶರಣರ ವಚನಗಳು ಮಠಗಳಲ್ಲಿ, ಮನೆಗಳಲ್ಲಿ ತಾಳೆಗರಿಯ ಕಟ್ಟುಗಳಾಗಿ ಚದುರಿಹೋಗಿದ್ದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಅವುಗಳನ್ನು ಹುಡುಕಿ, ನಕಲು ಮಾಡಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಮುದ್ರಣಕ್ಕೆ ಬೇರೆಯವರನ್ನು ಕಾಯುವುದು ಸಾಧ್ಯವಿಲ್ಲವೆಂದು ೧೯೨೫ರಲ್ಲಿ ಹಿತಚಿಂತಕ ಎಂಬ ತಮ್ಮದೇ ಮುದ್ರಣಾಲಯ ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅನಂತರ ಶಿ. ಶಿ. ಬಸವನಾಳರಂಥ ವಿದ್ವಾಂಸರು ಹಲವು ಹಸ್ತಪ್ರತಿಗಳನ್ನು ಹೋಲಿಸಿ ನೋಡಿ ಪಾಠವನ್ನು ನಿರ್ಣಯಿಸಿದರು. ೧೯೯೩ರಲ್ಲಿ ಕರ್ನಾಟಕ ಸರ್ಕಾರ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಹದಿನೈದು ಸಂಪುಟಗಳಲ್ಲಿ ಸುಲಭ ಬೆಲೆಗೆ ಜನರ ಕೈಗೆ ಕೊಟ್ಟಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಒಂದೆಡೆ ಸೇರಿದವು. ಎಪ್ಪತ್ತು ವರ್ಷಗಳ ಈ ಪಯಣದಲ್ಲಿ ಒಂದೊಂದು ಆವೃತ್ತಿಯೂ ಹಿಂದಿನದರ ಹೆಗಲ ಮೇಲೆ ನಿಂತಿದೆ.

ಆದರೆ ಮೂಲವನ್ನು ಬದಲಿಸುವ ಅಧಿಕಾರ ಮರುಮುದ್ರಕನಿಗೆ ಉಂಟೇ? ಈ ಪ್ರಶ್ನೆ ನಮ್ಮಲ್ಲಿ ನ್ಯಾಯಾಲಯದವರೆಗೂ ಹೋಗಿದೆ. ೧೯೯೬ರಲ್ಲಿ ಪ್ರಕಟವಾದ ಒಂದು ವಚನ ಸಂಗ್ರಹದಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ತೆಗೆದು ‘ಲಿಂಗದೇವ’ ಎಂದು ಮುದ್ರಿಸಲಾಗಿತ್ತು. ಭಕ್ತರಲ್ಲಿ ಅಸಮಾಧಾನ ಎದ್ದಿತು. ೧೯೯೮ರಲ್ಲಿ ರಾಜ್ಯ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕವನ್ನು ತಡೆಯುವುದು ಸರಿಯೇ ಎಂಬುದನ್ನು ಕುರಿತು ಬೇರೆ ಬೇರೆ ಅಭಿಪ್ರಾಯಗಳಿರಬಹುದು. ಇತಿಹಾಸದ ವಿದ್ಯಾರ್ಥಿಯ ದೃಷ್ಟಿಯಿಂದ ಮುಖ್ಯವಾದದ್ದು ಬೇರೊಂದು ಸಂಗತಿ. ಅಂಕಿತವೆಂದರೆ ವಚನದ ವಿಳಾಸ. ಸಾವಿರಾರು ವಚನಗಳಲ್ಲಿ ಯಾವುದು ಯಾರದು ಎಂದು ನಾವು ಗುರುತಿಸುವುದೇ ಅದರಿಂದ. ವಿಳಾಸ ಅಳಿಸಿದ ಕಾಗದ ಯಾರ ಮನೆಗೂ ಮುಟ್ಟುವುದಿಲ್ಲ.

ಬೇಕೆಂದೇ ಮಾಡಿದ ಬದಲಾವಣೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅರಿಯದೆ ಆಗುವ ಬದಲಾವಣೆ ಕಣ್ತಪ್ಪಿಸಿ ಉಳಿದುಬಿಡುತ್ತದೆ. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ಇಂದಿನ ಅಕ್ಷರ ಜೋಡಣೆಯಲ್ಲಿ ೞ ಎಂಬ ಅಕ್ಷರ ಸಿಗಲಿಲ್ಲವೆಂದೋ, ಓದುಗರಿಗೆ ತೊಡಕೆಂದೋ ಎರಡನ್ನೂ ‘ಬಾಳ್’ ಎಂದೇ ಅಚ್ಚು ಹಾಕಿದರೆ ಕತ್ತಿಯೂ ಬದುಕೂ ಒಂದಾಗಿಬಿಡುತ್ತವೆ. ೞ ಮತ್ತು ಱ ಅಕ್ಷರಗಳು ಕಾಲಕ್ರಮದಲ್ಲಿ ಕನ್ನಡದಿಂದ ಮರೆಯಾದವು. ಒಂದು ಬರಹದಲ್ಲಿ ಅವು ಹೇಗೆ ಬಳಕೆಯಾಗಿವೆ ಎಂಬುದರಿಂದ ಅದರ ಕಾಲವನ್ನು ಊಹಿಸಲು ವಿದ್ವಾಂಸರಿಗೆ ನೆರವಾಗುತ್ತದೆ. ಸರಳಗೊಳಿಸುವ ಒಳ್ಳೆಯ ಉದ್ದೇಶದಿಂದಲೇ ಆ ಸುಳಿವು ಅಳಿಸಿಹೋಗಬಹುದು.

ಈಗ ಮರುಮುದ್ರಣ ಹಿಂದೆಂದಿಗಿಂತ ಸುಲಭವಾಗಿದೆ. ೧೯೫೭ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಹಕ್ಕು ಅವರು ತೀರಿಕೊಂಡ ಮುಂದಿನ ವರ್ಷದಿಂದ ಅರುವತ್ತು ವರ್ಷಗಳವರೆಗೆ ಇರುತ್ತದೆ. ಆಮೇಲೆ ಯಾರು ಬೇಕಾದರೂ ಆ ಕೃತಿಯನ್ನು ಅಚ್ಚು ಹಾಕಬಹುದು. ಕಿಟೆಲ್, ರೈಸ್ ಅವರ ಪುಸ್ತಕಗಳು ಎಂದೋ ಸಾರ್ವಜನಿಕ ಸ್ವತ್ತಾಗಿವೆ. ಪುಟಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ಸಂಗ್ರಹಿಸುವುದೂ, ಬೇಡಿಕೆ ಬಂದಾಗ ಒಂದೇ ಒಂದು ಪ್ರತಿಯನ್ನು ಅಚ್ಚು ಹಾಕಿ ಅಂಚೆಯಲ್ಲಿ ಕಳುಹಿಸುವುದೂ ಸಾಧ್ಯವಾಗಿದೆ. ಇದರಿಂದ ಹಳ್ಳಿಯ ಕಾಲೇಜಿನ ವಿದ್ಯಾರ್ಥಿಗೂ ದುರ್ಲಭ ಗ್ರಂಥ ಕೈಗೆಟಕುತ್ತಿದೆ. ಇದು ಸಂತೋಷದ ಸಂಗತಿ. ಆದರೆ ಅವಸರದ ಕೆಲಸದಲ್ಲಿ ಮಡಿಸಿದ ನಕಾಶೆ ಬಿಟ್ಟುಹೋಗಿರುವುದು, ಪುಟದ ಅಂಚು ಕತ್ತರಿಸಿರುವುದು, ನಡುವೆ ಎರಡು ಪುಟ ಇಲ್ಲದಿರುವುದು ಅಪರೂಪವಲ್ಲ. ಹೊಸ ಹೊದಿಕೆಯ ಮೇಲೆ ಈಚಿನ ವರ್ಷವನ್ನು ಮಾತ್ರ ನಮೂದಿಸಿ, ಮೂಲ ಪ್ರಕಟಣೆಯ ವರ್ಷವನ್ನು ಮರೆಮಾಡಿದರೆ ಓದುಗನಿಗೆ ಆಗುವ ಮೋಸ ಇನ್ನೂ ದೊಡ್ಡದು.

ಆದ್ದರಿಂದ ಮರುಮುದ್ರಣಗೊಂಡ ಯಾವ ಪುಸ್ತಕವನ್ನು ಕೈಗೆತ್ತಿಕೊಂಡರೂ ವಿದ್ಯಾರ್ಥಿಗಳು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ಮೊದಲು ಅಚ್ಚಾದದ್ದು ಯಾವಾಗ, ಎಲ್ಲಿ? ಈಗ ಹಾಗೆಯೇ ಮುದ್ರಿಸಿದ್ದಾರೆಯೇ, ಅಕ್ಷರವನ್ನು ಮತ್ತೆ ಜೋಡಿಸಿದ್ದಾರೆಯೇ? ತಿದ್ದಿದ್ದರೆ ಯಾರು, ಯಾವ ಆಧಾರದ ಮೇಲೆ ತಿದ್ದಿದರು? ಬಿಟ್ಟದ್ದು ಏನು, ಸೇರಿಸಿದ್ದು ಏನು? ಪ್ರಾಮಾಣಿಕ ಪ್ರಕಾಶಕರು ಇವಕ್ಕೆಲ್ಲ ಉತ್ತರವನ್ನು ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮತ್ತು ಅರಿಕೆಯಲ್ಲಿ ಕೊಟ್ಟಿರುತ್ತಾರೆ. ನಾವು ಸಾಮಾನ್ಯವಾಗಿ ಓದದೆ ಹಾರಿಸಿಬಿಡುವ ಪುಟಗಳೇ ಅವು.

ಒಂದು ಕೆಲಸವನ್ನು ನೀವೇ ಮಾಡಿ ನೋಡಬಹುದು. ನಿಮ್ಮೂರು ಹಳೆಯ ಮೈಸೂರು ಸಂಸ್ಥಾನಕ್ಕೋ ಕೊಡಗಿಗೋ ಸೇರಿದ್ದಾದರೆ, ನಿಮ್ಮ ತಾಲ್ಲೂಕಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಮತ್ತು ಹೊಸ ಸಂಪುಟಗಳೆರಡರಲ್ಲೂ ಹುಡುಕಿ. ಎರಡು ಪಾಠಗಳನ್ನೂ ಪಕ್ಕಪಕ್ಕದಲ್ಲಿ ಬರೆದುಕೊಂಡು, ಆ ಕಲ್ಲು ನಿಂತಿದ್ದ ಜಾಗಕ್ಕೆ ಹೋಗಿ. ಕಲ್ಲು ಇದ್ದರೆ ಎರಡರಲ್ಲಿ ಯಾವ ಓದು ಸರಿಯೆಂದು ಅದನ್ನೇ ಕೇಳಬಹುದು. ಕಲ್ಲು ಇಲ್ಲವಾಗಿದ್ದರೆ, ಅದರ ಮಾತು ಉಳಿದಿರುವುದು ನಿಮ್ಮ ಕೈಯಲ್ಲಿರುವ ಆ ಕಾಗದದ ಮೇಲೆ ಮಾತ್ರ.